ಆಕಾಶದವರ ದುಭಾಷಿ

ಒಂದು ದಟ್ಟ ಕಾಡಿನ ನಡುವೆ ಒಂದು ಕೊಳವಿತ್ತು. ಆ ಕೊಳದಲ್ಲಿ ಗುಂಡವ್ವ ಎಂಬ ಆಮೆ ವಾಸವಾಗಿದ್ದಳು. ಗುಂಡವ್ವನಿಗೆ ಆಸ್ತಿಯಿಲ್ಲ, ಅಂತಸ್ತಿಲ್ಲ. ಇದ್ದದ್ದೆಲ್ಲ ದಡದ ಮರಳಿನಲ್ಲಿ ಹೂತಿಟ್ಟ ಒಂದಷ್ಟು ಮೊಟ್ಟೆ. ಆಮೆಗಳ ಪದ್ಧತಿ ನಿಮಗೆ ಗೊತ್ತಲ್ಲ? ತಾಯಿ ಮೊಟ್ಟೆಯ ಮೇಲೆ ಕೂರುವುದಿಲ್ಲ. ಮರಳು ಮುಚ್ಚಿ ಬಂದರೆ ಆಯಿತು, ಕಾವು ಕೊಡುವ ಕೆಲಸ ಸೂರ್ಯನದು. ಗುಂಡವ್ವ ದಿನವೂ ನೀರಿನಿಂದ ತಲೆಯೆತ್ತಿ, ಮರಳಿನ ಮೇಲೆ ಬಿಸಿಲು ಬಿದ್ದಿದೆಯೇ ಎಂದು ನೋಡಿ, ನೆಮ್ಮದಿಯಿಂದ ಮುಳುಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಆಕಾಶದಿಂದ ಏನೋ ಇಳಿಯಿತು. ಬೋರಲು ಹಾಕಿದ ದೊಡ್ಡ ಕೊಪ್ಪರಿಗೆಯಂಥ ವಾಹನ ಅದು. ಸದ್ದಿಲ್ಲದೆ ಬಂದು, ಕಾಲೂರಿ, ಸರಿಯಾಗಿ ಗುಂಡವ್ವನ ಮರಳಿನ ಮೇಲೆಯೇ ನೆರಳು ಚೆಲ್ಲಿ ನಿಂತಿತು. ಬಾಗಿಲು ತೆರೆದು ಕೆಲವರು ಹೊರಬಂದರು. ಹಲಸಿನ ಹಣ್ಣಿಗೆ ಆರು ಕಾಲು ಮೂಡಿದರೆ ಹೇಗಿರುತ್ತದೋ ಹಾಗಿದ್ದರು. ಬೇರೆ ಯಾವುದೋ ಲೋಕದವರು!

ಕಾಡಿಗೆ ಕಾಡೇ ನೆರೆಯಿತು. ಇವರು ತನ್ನ ಗಡಿ ಕಬಳಿಸಲು ಬಂದವರು ಎಂದ ಹುಲಿರಾಯ. ಜೇನಿಗಾಗಿ ಬಂದವರು ಎಂದ ಕರಡಿ ಜಾಂಬಣ್ಣ. ಮೊಲ ಮಾತ್ರ, ಅವರು ಬಂದಿರುವುದು ತನ್ನನ್ನು ತಿನ್ನಲೆಂದೇ ಎಂದು ಹೇಳಿ, ಪೊದೆಯೊಳಗಿನಿಂದಲೇ ಸಭೆಗೆ ಹಾಜರಾಯಿತು. ಬಂದವರು ಏನೋ 'ಟುಪ್ ಟುಪ್' ಎಂದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

ಆಗ ಅತ್ತಿಮರದಿಂದ ಉದ್ದಬಾಲಯ್ಯ ಎಂಬ ಕರಿಮೂತಿಯ ಮುಸುವ ಕೋತಿ ಇಳಿದ. ಮರದ ತುದಿಯಲ್ಲಿ ಕೂತು, ಕಂಡದ್ದನ್ನು ಕೂಗಿ ಹೇಳುವುದು ಮುಸುವಗಳ ವಂಶದ ಕಸುಬು. ಉದ್ದಬಾಲಯ್ಯ ಕಾಣದ್ದನ್ನೂ ಕೂಗಿ ಹೇಳಬಲ್ಲವನಾಗಿದ್ದ.

"ಮಹಾಸ್ವಾಮಿ, ಅವರ ಭಾಷೆ ನನಗೆ ಬರುತ್ತೆ," ಎಂದ ಅವನು.

"ನಿನಗೆ ಹೇಗಯ್ಯ ಬರುತ್ತೆ?" ಎಂದು ಹುಲಿರಾಯ ಕೇಳಿದ.

"ನಾನಿರೋದು ಮರದ ತುದೀಲಿ. ಆಕಾಶ ನಮ್ಮ ಪಕ್ಕದ ಮನೆ ಇದ್ದ ಹಾಗೆ. ನೆರೆಹೊರೆಯವರ ಮಾತು ಕಿವಿಗೆ ಬೀಳದೆ ಇರುತ್ತಾ?"

ಹಾಳೂರಿಗೆ ಉಳಿದವನೇ ಗೌಡ. ಹುಲಿರಾಯ ಅಲ್ಲಿಯೇ ಅವನನ್ನು ದುಭಾಷಿಯಾಗಿ ನೇಮಿಸಿದ. ಉದ್ದಬಾಲಯ್ಯ ಬಾಲ ನೆಟ್ಟಗೆ ಮಾಡಿ, ಕಣ್ಣು ಮೇಲಕ್ಕೆ ಸಿಕ್ಕಿಸಿ, ಗಡಗಡ ನಡುಗತೊಡಗಿದ. ಆಕಾಶದ ಮಾತು ಹಾಗೆ ಮೈಮೇಲೆ ಬರಬೇಕಂತೆ! ಆಮೇಲೆ ಅಪ್ಪಣೆಗಳು ಹೊರಬಿದ್ದವು. ದಿನವೂ ಹಣ್ಣು, ಜೇನು, ಎಳೆ ಚಿಗುರು ಬರಬೇಕು. ಎಲ್ಲವನ್ನೂ ದುಭಾಷಿಯ ಕೈಗೇ ಒಪ್ಪಿಸಬೇಕು. ಬೇರೆ ಯಾರಾದರೂ ವಾಹನದ ಹತ್ತಿರ ಸುಳಿದರೆ ಸುಟ್ಟು ಬೂದಿಯಾಗುತ್ತಾರೆ. ದುಭಾಷಿ ಮಾತ್ರ ನೆಲ ತುಳಿಯಬಾರದು, ಅವನನ್ನು ಜಾಂಬಣ್ಣ ಹೊತ್ತು ತಿರುಗಬೇಕು.

ಪಾಪ, ಬಂದವರಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಒಣಗಿದ ಎಲೆ ಹೆಕ್ಕಿ ಮೂಸುತ್ತಿದ್ದರು, ಕಲ್ಲು ಹೆಕ್ಕಿ ಮೂಸುತ್ತಿದ್ದರು, ಸಂತೋಷಪಡುತ್ತಿದ್ದರು. ಅವರ ಹೆಸರಿನಲ್ಲಿ ಬಂದ ಜೇನು ಅವರ ಮೂಗಿನವರೆಗೂ ಹೋಗಲಿಲ್ಲ. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ವಂಶ ತಾನೇ ಉದ್ದಬಾಲಯ್ಯನದು?

ಗುಂಡವ್ವನಿಗೆ ಮಾತ್ರ ಅನ್ನ ನೀರು ಸೇರಲಿಲ್ಲ. ಮರಳು ತಣ್ಣಗಾಗುತ್ತಿತ್ತು. ಹೀಗೇ ಬಿಟ್ಟರೆ ಒಂದು ಮರಿಯೂ ಕಣ್ಣು ಬಿಡುವುದಿಲ್ಲ. ಅವಳು ಏದುಸಿರು ಬಿಡುತ್ತ ದುಭಾಷಿಯ ಬಳಿಗೆ ಹೋದಳು.

"ಉದ್ದಬಾಲಯ್ಯನವರೇ, ವಾಹನ ಸ್ವಲ್ಪ ಆಚೆಗೆ ಸರಿಸಿ ಅಂತ ಅವರಿಗೆ ಒಂದು ಮಾತು ಹೇಳ್ತೀರಾ? ಕೆಳಗೆ ನನ್ನ ಮಕ್ಕಳಿವೆ."

"ಬರಿಗೈಲಿ ಬಂದು ಕೇಳಿದರೆ ಹೇಗವ್ವ? ಏನಾದರೂ ತಾ," ಎಂದ ಅವನು.

ಗುಂಡವ್ವ ಕೊಳದ ತಳ ಕೆದಕಿ ತಾವರೆಗಡ್ಡೆ ತಂದಳು. ಉದ್ದಬಾಲಯ್ಯ ಅದನ್ನು ಕರುಕರು ತಿಂದು, "ನಿನ್ನ ವಿಷಯ ಪರಿಶೀಲನೆಯಲ್ಲಿದೆ," ಎಂದ. ಮರುದಿನ ಇನ್ನಷ್ಟು ತಂದಳು. "ಮೇಲಿನವರಿಗೆ ಕಳಿಸಿದ್ದೀನಿ," ಎಂದ. ಅದರ ಮರುದಿನವೂ ತಂದಳು. "ಮೇಲಿನವರು ಅಂದರೆ ಎಷ್ಟು ಮೇಲೆ ಅಂದ್ಕೊಂಡಿದ್ದೀಯ? ನಕ್ಷತ್ರದಿಂದ ಉತ್ತರ ಬರಬೇಕು, ಪಕ್ಕದ ಬಿಲದಿಂದಲ್ಲ," ಎಂದು ರೇಗಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ ನೋಡಿ.

ಗುಂಡವ್ವನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸುಟ್ಟರೆ ಸುಡಲಿ, ಮಕ್ಕಳು ತಣ್ಣಗಾಗುವುದನ್ನು ನೋಡುತ್ತ ಕೂತಿರಲಾರೆ ಎಂದುಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ವಾಹನದತ್ತ ಹೆಜ್ಜೆ ಹಾಕಿದಳು.

"ಹೋಗಬೇಡ ಗುಂಡವ್ವ, ಬೂದಿ ಆಗ್ತೀಯ!" ಎಂದು ಜಾಂಬಣ್ಣ ಕೂಗಿದ.

ಅವಳು ಬೂದಿಯಾಗಲಿಲ್ಲ. ಹಲಸಿನಂಥ ಒಬ್ಬ ಬಂದು ಬಗ್ಗಿ ನೋಡಿದ. ಗುಂಡವ್ವ ಮರಳು ಕೆದಕಿ ಒಂದು ಮೊಟ್ಟೆಯನ್ನು ತೋರಿಸಿದಳು. ಆಮೇಲೆ ತಲೆ ಕಾಲು ಒಳಗೆಳೆದುಕೊಂಡು ನೆರಳಿನಲ್ಲಿ ಸತ್ತಂತೆ ಬಿದ್ದಳು. ಆಮೇಲೆ ಬಿಸಿಲಿಗೆ ತೆವಳಿ, ತಲೆ ಚಾಚಿ, ಕಾಲು ಆಡಿಸಿದಳು. ಅವರೂ ತತ್ತಿಯಿಂದ ಬಂದವರೋ ಏನೋ, ಯಾರು ಕಂಡರು! ಬಂದವನು 'ಟುಪ್' ಎಂದು ಒಳಗೆ ಓಡಿದ. ವಾಹನ ಮೆಲ್ಲಗೆ ಮೇಲೆದ್ದು, ಆಚೆಯ ಬಂಡೆಯ ಮೇಲೆ ಹೋಗಿ ಕೂತಿತು. ಮರಳಿನ ಮೇಲೆ ಬಿಸಿಲು ಬಿತ್ತು. ಗುಂಡವ್ವ ಮೊಟ್ಟೆಯನ್ನು ಮುಚ್ಚಿ, ಅಲ್ಲಿಯೇ ಕೂತು ಅತ್ತಳು.

"ಇಷ್ಟೇನಾ?" ಎಂದಿತು ಪೊದೆಯೊಳಗಿನ ಮೊಲ.

ಎಲ್ಲರ ಕಣ್ಣೂ ದುಭಾಷಿಯ ಕಡೆ ತಿರುಗಿತು. ಅವನು ಎಂದೂ ನಡುಗದ ಹಾಗೆ ನಡುಗಿದ. ದೊಪ್ಪನೆ ಬಿದ್ದು ಹೊರಳಾಡಿದ. ಕಣ್ಣು ತಿರುಗಿಸಿ ಬಾಯಲ್ಲಿ ನೊರೆ ತಂದುಕೊಂಡು, "ಆಕಾಶದವರಿಗೆ ಕೋಪ ಬಂದಿದೆ! ದುಪ್ಪಟ್ಟು ಕಾಣಿಕೆ ತನ್ನಿ!" ಎಂದು ಅರಚಿದ.

ಹುಲಿರಾಯ ಹೆದರಿಬಿಟ್ಟ. ಅವನ ಅಪ್ಪಣೆಯಂತೆ ಎಲ್ಲರೂ ಓಡಿದರು. ಒಬ್ಬರು ಬಾಯಿಗೆ ಹಣ್ಣಿಟ್ಟರು, ಒಬ್ಬರು ಗಾಳಿ ಬೀಸಿದರು, ಜಾಂಬಣ್ಣ ತೊಡೆಯ ಮೇಲೆ ಮಲಗಿಸಿಕೊಂಡು ಜೇನು ಕುಡಿಸಿದ.

ಬಂದವರು ಬಂಡೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. ಅವರ ಲೋಕದಲ್ಲಿ ಗಟ್ಟಿಮುಟ್ಟಾದವರೆಲ್ಲ ತಮ್ಮ ಊಟ ತಾವೇ ಹುಡುಕಿಕೊಳ್ಳುತ್ತಾರೆ. ಊರವರೆಲ್ಲ ಸೇರಿ ಉಣಿಸುವುದು, ಹೊತ್ತು ತಿರುಗುವುದು ಕಾಯಿಲೆ ಬಿದ್ದವರನ್ನು ಮಾತ್ರ. ಬಂದ ದಿನದಿಂದ ಅವರು ಈ ಬಾಲದವನನ್ನು ಗಮನಿಸಿದ್ದರು. ನಡೆಯಲಾರ, ದಿನವೂ ನಡುಗುತ್ತಾನೆ, ಯಾರಾದರೂ ತಿನ್ನಿಸಬೇಕು. ಇವತ್ತಂತೂ ಪ್ರಾಣವೇ ಹೋಗುವಂತಿದೆ! ಅಯ್ಯೋ, ಎಷ್ಟು ಒಳ್ಳೆಯ ಕಾಡು, ಒಬ್ಬ ರೋಗಿಗಾಗಿ ಎಲ್ಲರೂ ಹೇಗೆ ಮಿಡಿಯುತ್ತಾರೆ ಎಂದು ಅವರ ಮನಸ್ಸು ಕರಗಿತು. ನಮ್ಮ ಲೋಕದ ವೈದ್ಯರಿಗೇ ತೋರಿಸೋಣ ಎಂದು ತೀರ್ಮಾನಿಸಿದರು.

ಬಂದು ಉದ್ದಬಾಲಯ್ಯನನ್ನು ಮೆತ್ತಗೆ ಎತ್ತಿಕೊಂಡರು. ಕೈಕಾಲು ಆಡಿಸಿ ನೋಯಿಸಿಕೊಳ್ಳದಿರಲಿ ಎಂದು ಅಕ್ಕರೆಯಿಂದ ಹೊದಿಕೆ ಸುತ್ತಿದರು. ಉದ್ದಬಾಲಯ್ಯನ ನಡುಕ ಅರೆಕ್ಷಣದಲ್ಲಿ ನಿಂತಿತು.

"ಬಿಡ್ರೋ! ನನಗೇನೂ ಆಗಿಲ್ಲ! ಚೆನ್ನಾಗೇ ಇದ್ದೀನಿ!" ಎಂದು ಕಿರುಚಿದ. ಅವರು ತಲೆ ನೇವರಿಸಿ 'ಟುಪ್ ಟುಪ್' ಎಂದು ಸಮಾಧಾನ ಮಾಡಿದರು.

"ಹುಲಿರಾಯರೇ, ಜಾಂಬಣ್ಣ, ಯಾರಾದರೂ ಹೇಳ್ರಪ್ಪ ಇವರಿಗೆ!"

ಜಾಂಬಣ್ಣ ಕಪಟವರಿಯದ ಪ್ರಾಣಿ. ಅವನು ಅಚ್ಚರಿಯಿಂದ ಕೂಗಿ ಹೇಳಿದ: "ನಾವು ಹೇಳಿದರೆ ಅವರಿಗೆ ಎಲ್ಲಿ ತಿಳಿಯುತ್ತೆ ಮಾರಾಯ? ನೀನೇ ಹೇಳಿಬಿಡು. ಅವರ ಭಾಷೆ ನಿನಗೆ ಬರುತ್ತಲ್ಲ!"

ಬಾಗಿಲು ಮುಚ್ಚಿತು. ವಾಹನ ಮೋಡ ದಾಟಿ ಮರೆಯಾಯಿತು.

ನೀತಿ: ತಿಳಿಯದ್ದನ್ನು ತಿಳಿದೆನೆಂದು ನಂಬಿಸಿ ಹೊಟ್ಟೆ ಹೊರೆಯುವವನ ನಿಜವಾದ ಮಾತು, ಬೇಕಾದ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ.