ಅಲುಗದ ಚಿಟ್ಟೆ

ಚೈತ್ರದ ಒಂದು ಬೆಳಿಗ್ಗೆ ವಾರಿಜಾಳ ಕೊರಳಲ್ಲಿದ್ದ ಕ್ಯಾಮೆರಾಗೆ ರೇಗಿಹೋಗಿತ್ತು. ಒಂದು ಹುಳುವಿನ ಚಿತ್ರ ಪೂರ್ತಿ ಸ್ಪಷ್ಟವಾಗಬೇಕಾದರೆ ಕುಡಿಮೀಸೆಯಿಂದ ರೆಕ್ಕೆಯವರೆಗೆ ಒಂದೊಂದೇ ಭಾಗಕ್ಕೆ ಗುರಿಯಿಟ್ಟು ಇಪ್ಪತ್ತು ಸಲ ಕ್ಲಿಕ್ಕಿಸಿ, ಎಲ್ಲವನ್ನೂ ಒಂದೇ ಚಿತ್ರವಾಗಿ ಜೋಡಿಸಬೇಕು. ಯಾವ ಹುಳು ತಾನೇ ಅಷ್ಟು ಹೊತ್ತು ಕೂರುತ್ತದೆ? ಕೊನೆಗೆ ನಂದಿಬಟ್ಟಲ ಹೂವಿನ ಮೇಲೆ ಹಳದಿ ಚಿಟ್ಟೆಯೊಂದು ಸಿಕ್ಕಿತು. ಇಪ್ಪತ್ತು ಸಲಕ್ಕೂ ಅದು ಅಲುಗಲಿಲ್ಲ.

“ಭೇಷ್! ನಿನ್ನಂಥ ಸಮಾಧಾನಿಯನ್ನು ನಾನು ಕಂಡೇ ಇಲ್ಲ. ಹೀಗೆ ಕೂರಲು ಯಾರು ಕಲಿಸಿದರು?” ಎಂದು ಕ್ಯಾಮೆರಾ ಕೇಳಿತು.



“ನಾನು,” ಎಂದಿತು ಚಿಟ್ಟೆಯ ಕೆಳಗಿನಿಂದ ಒಂದು ಮೆಲುದನಿ. ಹೂವಿನಷ್ಟೇ ಬೆಳ್ಳಗಿದ್ದ ಜೇಡವೊಂದು ಚಿಟ್ಟೆಯ ಕತ್ತಿನಿಂದ ಬಾಯಿ ತೆಗೆದು ಮಾತಾಡುತ್ತಿತ್ತು. “ನಸುಕಿನಿಂದ ಹೀರುತ್ತಿದ್ದೇನೆ. ಚಿತ್ರದಲ್ಲಿ ಇದರ ಕಣ್ಣು ಚೆನ್ನಾಗಿ ಬಂದಿದೆಯೇ?”

ಕ್ಯಾಮೆರಾದ ಮೈ ತಣ್ಣಗಾಯಿತು. ಆದರೂ ಇಪ್ಪತ್ತು ಚಿತ್ರಗಳನ್ನೂ ಇನ್ನೊಮ್ಮೆ ನೋಡಿಕೊಂಡಿತು. ಒಂದೂ ಮಸುಕಾಗಿರಲಿಲ್ಲ.

“ಬಂದಿದೆ,” ಎಂದಿತು.

“ಹಾಗಾದರೆ ನಾಳೆಯೂ ಬನ್ನಿ. ಇನ್ನೊಂದನ್ನು ಕೂರಿಸಿಟ್ಟಿರುತ್ತೇನೆ.”

ಮರುದಿನ ಕ್ಯಾಮೆರಾ ಹಾರಾಡುವ ಯಾವ ಚಿಟ್ಟೆಯ ಕಡೆಗೂ ತಿರುಗಲಿಲ್ಲ. ವಾರಿಜಾಳನ್ನು ನೇರ ನಂದಿಬಟ್ಟಲ ಗಿಡದ ಮುಂದಕ್ಕೆ ಎಳೆದು ತಂದು, ದನಿ ತಗ್ಗಿಸಿ ಕೇಳಿತು: “ಇವತ್ತು ಯಾರು?”