ರುಬ್ಬುವ ಕಲ್ಲಿನ ಕರಿ ಚುಕ್ಕೆಗಳು

ವಾರಿಜಾ, ಬಾ, ಇಲ್ಲಿ ಕೂತ್ಕೋ. ನೈವೇದ್ಯದ ಅಕ್ಕಿ ಜಾಲಿಸುತ್ತಲೇ ಹೇಳುತ್ತೇನೆ. ನಮ್ಮ ರುಬ್ಬುವ ಕಲ್ಲಿನ ಬಿಳಿ ಮೈಮೇಲೆ ಕರಿ ಚುಕ್ಕೆ ಯಾಕೆ ಅಂತ ಕೇಳಿದೆಯಲ್ಲ?

ಸ್ವಾಮಿ ಭೂಮಿಯನ್ನು ಆಗ ತಾನೇ ಒಲೆಯಿಂದ ಇಳಿಸಿದ್ದ. ಇನ್ನೂ ಕೈ ಸುಡುವ ಹಾಗಿತ್ತು. ಹುಲ್ಲಿಲ್ಲ, ಹಕ್ಕಿಯಿಲ್ಲ. ಮೇಲೆಲ್ಲ ಸಮುದ್ರ, ಅದರಡಿ ಕುದಿಯುವ ಕಲ್ಲು.

ಭೂತಾಯಿಯ ಒಡಲಲ್ಲಿ ಕಬ್ಬಿಣದಂಥ ಭಾರದ್ದೂ ಮರಳಿನಂಥ ಹಗುರದ್ದೂ ಕಲಸಿಹೋಗಿತ್ತು. ಅದರಿಂದ ಕರಿಗಲ್ಲಿನ ಮಗಳೊಬ್ಬಳು ಮೇಲೆ ಬಂದಳು, ತಣಿದಳು, ಭಾರವಾಗಿ ಮುಳುಗಿದಳು. ಇನ್ನೊಬ್ಬಳು ಬಂದಳು, ಅವಳೂ ಮುಳುಗಿದಳು. ಒಬ್ಬಳೂ ನಿಲ್ಲಲಿಲ್ಲ.

ಸ್ವಾಮಿ ಹೇಳಿಕಳಿಸಿದ: "ತಾಯೀ, ಹುಲ್ಲಿನ ಬೀಜ ನನ್ನ ಮುಷ್ಟಿಯಲ್ಲಿದೆ. ಬೇರೂರಲು ಒಂದು ಜಾಗ ಮಾಡಿಡು. ನಿನ್ನ ಒಡಲ ಬಿಸಿ ಆರುತ್ತಿದೆ. ಆರಿದರೆ ಮತ್ತೇನೂ ಮೇಲೇಳದು."

ಆಗ ಉಳಿದಿದ್ದವಳು ಕಿರಿಯ ಮಗಳು, ಕರಿಯವ್ವ ಒಬ್ಬಳೇ.

ಗಾಳಿ ಅವಳ ಸುತ್ತ ಸುಳಿಯಿತು. "ಏನೇ ಕರಿಯವ್ವ, ನಿನ್ನ ಅಕ್ಕಂದಿರು ಮುಳುಗಿದ ಜಾಗ ತೋರಿಸಲಾ?"

"ತೋರಿಸೋದೇನೂ ಬೇಡ. ಆಗಲೇ ಕಾಲು ಜಾರ್ತಿದೆ."

ಅವಳ ಬಿರುಕುಗಳಲ್ಲಿ ಸಮುದ್ರದ ನೀರವ್ವ ತುಂಬಿಕೊಂಡಿದ್ದಳು. "ನೀರವ್ವ, ನೀನಾದರೂ ಹೊರಗೆ ಹೋಗೇ. ಕೆಳಗೆ ಬೆಂಕಿ."

"ನಾನೂ ಬರ್ತೀನಿ ಕಣೇ. ನಿನ್ನ ಅಕ್ಕಂದಿರು ನನ್ನನ್ನು ಕೊಡವಿಕೊಂಡು ಒಣಗಿಯೇ ಹೋದರು. ನೀರಿಲ್ಲದೆ ಯಾರಾದರೂ ಹಗುರ-ಭಾರ ಜಾಲಿಸಿ ಬೇರೆ ಮಾಡ್ತಾರಾ?"

ಇಬ್ಬರೂ ಮುಳುಗಿದರು. ಆಳಕ್ಕೆ, ಇನ್ನೂ ಆಳಕ್ಕೆ. ಮೇಲಿನ ಬೆಳಕು ಸಾಸಿವೆ ಕಾಳಷ್ಟಾಯಿತು, ಆಮೇಲೆ ಅದೂ ಇಲ್ಲ.

"ನೀರವ್ವ, ಕರಗ್ತಿದ್ದೀನಿ!"

"ಪೂರಾ ಕರಗಬೇಡ! ಹಗುರದ್ದನ್ನು ಬಿಡು, ಭಾರದ್ದನ್ನು ಬಿಗಿಯಾಗಿ ಹಿಡಿ."

"ಭಾರದ್ದನ್ನು ಹಿಡಿದುಕೊಂಡರೆ ನಾನು ಮತ್ತೆ ಮೇಲೆ ಬರೋದು ಹೇಗೆ?"

ನೀರವ್ವ ಅವಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ಕರಿಯವ್ವನಿಗೆ ಅರ್ಥವಾಯಿತು. ಕೈಮುಗಿದು, "ಸ್ವಾಮೀ, ನಾನು ಬರದಿದ್ದರೂ ನಿನ್ನ ಬೀಜಕ್ಕೆ ಜಾಗವಾಗಲಿ" ಅಂದಳು. ತನ್ನೊಳಗಿನ ಹಗುರವನ್ನೆಲ್ಲ ಬಿಟ್ಟುಕೊಟ್ಟಳು.

ಅದು ನೀರವ್ವನ ಜೊತೆ ಬಿಳಿಯ ಕೂಸಾಗಿ ಮೇಲಕ್ಕೆದ್ದಿತು. ಏಳುತ್ತಲೇ ತಿರುಗಿ ಅವಳ ಕೈ ಹಿಡಿಯಿತು. "ಅಮ್ಮಾ, ನೀನು?"

"ಹೊತ್ತಾಯ್ತು, ಹೋಗು ಮಗಳೇ!" ಕರಿಯವ್ವ ಅದರ ಮೈಯನ್ನೆಲ್ಲ ಒಮ್ಮೆ ಸವರಿ ಮೇಲಕ್ಕೆ ನೂಕಿದಳು. ಸವರಿದಲ್ಲೆಲ್ಲ ಕರಿ ಹರಳು ಅಂಟಿಕೊಂಡವು.

ಮೇಲೆ ಗಾಳಿ ಕಾದಿತ್ತು. ಬಿಳಿಗಲ್ಲು ಸಮುದ್ರದಿಂದ ತಲೆ ಎತ್ತಿತು. ತಣಿಯಿತು. ವಾಲಿತು. ಸೊಂಟದವರೆಗೆ ಮುಳುಗಿತು. ಗಾಳಿ ಉಸಿರು ಬಿಗಿಹಿಡಿಯಿತು.

ಕಲ್ಲು ಅಲ್ಲೇ ನಿಂತಿತು. ನಿಂತೇ ಬಿಟ್ಟಿತು!

ಸ್ವಾಮಿ ಮುಷ್ಟಿ ಬಿಚ್ಚಿದ.

ನೋಡು ವಾರಿಜಾ, ಪಾತ್ರೆ ಅಲ್ಲಾಡಿಸಿದರೆ ಅಕ್ಕಿ ನೀರಿನ ಜೊತೆ ತೇಲಿ ಹೋಗುತ್ತೆ, ಹರಳು ತಳದಲ್ಲೇ ಉಳಿಯುತ್ತೆ.

ಏನಂದೆ? ಕರಿಯವ್ವ ಈಗಲೂ ಕೆಳಗೇ ಇದ್ದಾಳಾ ಅಂತಲಾ? ಇದ್ದಾಳೆ ಕಂದ. ಸ್ವಾಮಿ ಅವಳನ್ನು ಕೈಬಿಟ್ಟಿಲ್ಲ, ಎಲ್ಲಕ್ಕೂ ಅಡಿಯಲ್ಲಿ ಅವನ ಅಂಗೈಯೇ ಇರೋದು.

ನಮ್ಮ ರುಬ್ಬುವ ಕಲ್ಲು ಆ ಬಿಳಿಗಲ್ಲಿನದೇ ತುಂಡು. ಅದಕ್ಕೇ ರುಬ್ಬುವ ಮೊದಲು ನಾವು ಈ ಕಲ್ಲಿಗೆ ಕುಂಕುಮ ಇಟ್ಟು ಕೈಮುಗಿಯುತ್ತೇವೆ. ಅದಕ್ಕೇ ನೀನು ಎಷ್ಟು ಉಜ್ಜಿ ತೊಳೆದರೂ ಈ ಬಿಳಿ ಕಲ್ಲಿನ ಮೈಯಿಂದ ತಾಯಿ ಸವರಿದ ಕರಿ ಚುಕ್ಕೆ ಹೋಗುವುದಿಲ್ಲ.