ಊಟದ ಬಂಡೆ

ರಾಯಚೂರು ಸೀಮೆಯ ಎರೆಹೊಲಗಳ ನಡುವೆ, ಜೇನುಕುಂಟೆ ಎಂಬ ಊರಿನ ಬೆನ್ನಿಗೆ, ಒಂದು ಬೋಳು ಗುಡ್ಡವಿದೆ. ಮೇಕೆಗೂ ಅಲ್ಲಿ ಬಾಯಾಡಿಸಲು ಏನೂ ಸಿಗದು. ಆದರೂ ಅದರ ಹೆಸರು ಊಟದ ಬಂಡೆ. ಹೊಸಬರು ಕೇಳಿ ನಗುತ್ತಾರೆ. ನಗಲಿ, ಚಿಕ್ಕಂದಿನಲ್ಲಿ ನಾವೂ ನಕ್ಕವರೇ. ನೆತ್ತಿಯಲ್ಲಿ ಮಳೆನೀರು ನಿಲ್ಲುವ ದೊಣೆ, ಮಸಿ ಹಿಡಿದ ಒಲೆಗಲ್ಲುಗಳು, ಒಂದು ಗಾರೆಯ ಶಿಲುಬೆ, ಇಷ್ಟೇ ಅಲ್ಲಿರುವುದು.

ಹಿಂದೆ ಒಮ್ಮೆ, ಆಳುವವರ ಹಿಡಿತ ಸಡಿಲಗೊಂಡು ಲೂಟಿಯ ಕುದುರೆದಂಡುಗಳು ಅಲೆಯುತ್ತಿದ್ದ ಕಾಲದಲ್ಲಿ, ಅಂಥದೊಂದು ದಂಡು ಈ ಕಡೆ ತಿರುಗಿತಂತೆ. ಊರಿನ ಕ್ರೈಸ್ತ ಒಕ್ಕಲುಗಳು ಇದ್ದ ಜೋಳವನ್ನೆಲ್ಲ ಹೊತ್ತು ಬಂಡೆಯೇರಿದರು. ಮೇಲೇರಲು ಒಬ್ಬರು ನುಸುಳುವಷ್ಟೇ ಸಂದಿ, ಕುದುರೆ ಹತ್ತುವಂತಿರಲಿಲ್ಲ. ಆದರೆ ಕೊನೆಯ ಮೂಟೆಯನ್ನು ಮೇಲಕ್ಕೆ ದಾಟಿಸಿ ಹಿಂದೆ ಉಳಿದ ಯೇಸಾಯ ಎಂಬ ತರುಣ ದಂಡಿನ ಕೈಗೆ ಸಿಕ್ಕಿಬಿದ್ದ. ಹೊತ್ತು ಮುಳುಗುವುದರೊಳಗೆ ಬೀಜದ ಕಾಳೂ ಸೇರಿ ಎಲ್ಲ ಜೋಳ ಕೆಳಗಿಳಿಯಬೇಕು, ಇಲ್ಲವಾದರೆ ಇವನ ತಲೆ ಉಳಿಯದು ಎಂದು ನಾಯಕ ಕೂಗಿ ಹೇಳಿಸಿದ. ಕೊಟ್ಟರೆ ಊರೇ ಹಸಿದು ಸಾಯಬೇಕು, ಕೊಡದಿದ್ದರೆ ಯೇಸಾಯ ಸಾಯಬೇಕು. ಅವನ ತಾಯಿ ರಾಹೇಲವ್ವ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಇದ್ದವನು ಅವನೊಬ್ಬನೇ.

ಉಪದೇಶಿ ದೇವದಾನಪ್ಪ ಬೈಬಲಿನ ಹಳೆಯ ಭಾಗವಾದ ಇಬ್ರಿಯರ ಶಾಸ್ತ್ರದಲ್ಲಿ ದೇವರು ಕೊಟ್ಟ ಮಾತುಗಳನ್ನು ನೆನಪಿಸಿ ಧೈರ್ಯ ಹೇಳಿದ. ಕಾದಾಟ ನಮ್ಮದಲ್ಲ, ಆತನದು. ಹಗೆಗಳ ಕಣ್ಣೆದುರೇ ಆತ ತನ್ನವರಿಗೆ ಊಟ ಬಡಿಸುತ್ತಾನೆ. ಗಂಡಸರು ಹೌದೆಂದು ತಲೆಯಾಡಿಸಿ, ಎಸೆಯಲು ಕಲ್ಲು ಆರಿಸತೊಡಗಿದರು! ರಾಹೇಲವ್ವ ಮಾತ್ರ ಕೇಳಿದ್ದನ್ನು ಕೇಳಿದಂತೆಯೇ ನಂಬಿ ಒಲೆ ಹೂಡಿದಳು. ಜೋಳದ ನುಚ್ಚು, ಪುಂಡಿಪಲ್ಯ ಬೆಂದ ವಾಸನೆ ಕೆಳಗೂ ಇಳಿಯಿತು. ಹಸಿದ ದಂಡಿನವರು ಕತ್ತೆತ್ತಿ ನೋಡಿದರು. ತೊಡಕಾದದ್ದು ಅಲ್ಲೇ. ನೋಡುವವರನ್ನು ಬಿಟ್ಟು ಉಣ್ಣುವ ರೂಢಿ ನಮ್ಮಲ್ಲಿಲ್ಲ.

"ದೇವ್ರು ಅವ್ರ ಎದುರಿಗೇ ಉಣಸ್ತೀನಂದಾನ. ಅವ್ರು ಬಾಯಿ ನೋಡ್ಕೋತ ನಿಂತ್ರ ನಮಗ ತುತ್ತು ಹೆಂಗ ಇಳೀತದ, ಉಪದೇಶಪ್ಪಾ?" ಎಂದಳು ರಾಹೇಲವ್ವ.

"ನಿನ್ನ ಮಗನ್ನ ಹಿಡದವ್ರವ್ವಾ ಅವ್ರು!"

"ಹಿಡದವ್ರಿಗೂ ಹಸಿವಾಗ್ತದಲ್ಲ" ಎಂದು ಗಡಿಗೆ ತಲೆಗೇರಿಸಿಕೊಂಡಳು.

ಅಷ್ಟು ನೆಚ್ಚಿಕೆಯಿದ್ದರೂ ಸಂದಿಯಲ್ಲಿ ಇಳಿಯುವಾಗ ಅವಳು ಎರಡು ಸಲ ನಿಂತು ಮೇಲಕ್ಕೆ ತಿರುಗಿ ನೋಡಿದಳು ಎನ್ನುತ್ತಾರೆ. ಕೆಲವರು ಇದನ್ನು ಬಿಟ್ಟು ಹೇಳುತ್ತಾರೆ, ನಾನು ಬಿಡುವುದಿಲ್ಲ. ಗಡಿಗೆಯನ್ನು ನಾಯಕನ ಮುಂದಿಟ್ಟು "ಉಣ್ರಿ" ಎಂದಳು. ಬೇಡಿಕೊಂಡರೆ ಊಟ ಲಂಚವಾದೀತೆಂದು ಮಗನ ಮಾತೆತ್ತದೆ ಮೇಲೆ ಬಂದು ಕುಳಿತಳು. ಹೊತ್ತು ಇಳಿಯಿತು. ದಂಡಿನವರು ಗಡಿಗೆ ಬಳಿದು ಉಂಡರು. ಅವರೂ ಈ ನೆಲದ ತಾಯಂದಿರ ಮಕ್ಕಳೇ. ಉಂಡ ಮನೆಗೆ ಎರಡು ಬಗೆಯಲು ನಾಯಕನಿಗೆ ಮನಸ್ಸಾಗಲಿಲ್ಲ. ಊಟ ತಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದು ಎಂಬುದೂ ಅವನಿಗೆ ಗೊತ್ತಿತ್ತು. ಹಾಕಿ ಕಳಿಸಲು ಹಿಡಿ ಕಾಳೂ ಅವನಲ್ಲಿರಲಿಲ್ಲ. ಯೇಸಾಯನ ಕಟ್ಟು ಬಿಚ್ಚಿ, ಗಡಿಗೆಯನ್ನು ಅವನ ತಲೆಯ ಮೇಲಿಟ್ಟು, ಕುದುರೆ ತಿರುಗಿಸಿದ.

ಮಗನನ್ನು ಕಂಡ ರಾಹೇಲವ್ವ ಗಡಿಗೆಯೊಳಗೆ ಕೈಯಿಟ್ಟು, "ಖಾಲಿ ಅದಲ್ಲೋ" ಎಂದಳಂತೆ. "ನಾ ಬಂದೀನಲ್ಲವ್ವಾ" ಎಂದನಂತೆ ಅವನು.

ಇಂದಿಗೂ, ಬೆಳೆಗಾಗಿ ದೇವರಿಗೆ ವಂದನೆ ಹೇಳುವ ಸುಗ್ಗಿಯ ಸ್ತೋತ್ರದ ದಿನ ಬಂಡೆಯ ಮೇಲೆ ನುಚ್ಚು ಬೇಯುತ್ತದೆ. ಮೊದಲ ಗಡಿಗೆ ಕೆಳಗಿನ ರಸ್ತೆಗೆ ಹೋಗುತ್ತದೆ. ದಾರಿಹೋಕರು ಉಂಡ ಮೇಲೆಯೇ ಊರವರಿಗೆ. ಉಂಡವರಲ್ಲೊಬ್ಬರು ಗಡಿಗೆ ಹೊತ್ತು ಮೇಲೆ ಬರಬೇಕು. ಜಾತಿ, ಊರು ಕೇಳುವಂತಿಲ್ಲ. ಕಳೆದ ವರ್ಷ ಲಾರಿ ಡ್ರೈವರೊಬ್ಬ ಹೊತ್ತು ತಂದ. ಸಂದಿಯ ಬಾಯಲ್ಲಿ ಕಾದಿದ್ದ ಮುದುಕಿ ರೂಢಿಯಂತೆ ಒಳಗೆ ಕೈಯಿಟ್ಟು, "ಖಾಲಿ ಅದಲ್ಲೋ" ಎಂದಳು. ಏನು ಹೇಳಬೇಕೆಂದು ಅವನಿಗೆ ಕಲಿಸಲು ನಾವು ಮರೆತಿದ್ದೆವು. ಅವನು ಗಲಿಬಿಲಿಗೊಂಡು ಎರಡೂ ಕೈ ಅಗಲಿಸಿ, "ನಾನೇ ಬಂದೀನವ್ವಾ" ಎಂದ.